ಮೊಬೈಲ್ ನಿಷೇಧ: ನಿಯಮ ಮಕ್ಕಳಿಗಷ್ಟೇ ಸಾಕೇ?

ಜೂನ್ ತಿಂಗಳು ಬಂತೆಂದರೆ ಪ್ರೌಢಶಾಲೆಗಳ ಸೂಚನಾ ಫಲಕದಲ್ಲಿ ಒಂದು ಹಾಳೆ ಕಾಣಿಸಿಕೊಳ್ಳುತ್ತದೆ. ಸಮವಸ್ತ್ರವಿಲ್ಲದೆ ಬರುವಂತಿಲ್ಲ, ತಡವಾಗಿ ಬಂದರೆ ಪ್ರವೇಶವಿಲ್ಲ, ಚಿತ್ರವಿಚಿತ್ರ ಕೇಶವಿನ್ಯಾಸ ಸಲ್ಲದು, ದ್ವಿಚಕ್ರ ವಾಹನ ತರಕೂಡದು, ಮೊಬೈಲ್ ಫೋನ್ ಕಟ್ಟುನಿಟ್ಟಾಗಿ ನಿಷಿದ್ಧ. ಕೆಳಗೆ ಮುಖ್ಯೋಪಾಧ್ಯಾಯರ ಸಹಿ ಮತ್ತು ಮೊಹರು. ಮೂರು ದಶಕಗಳಿಂದ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿರುವ ನಾನು ಈ ಹಾಳೆಯ ಹಲವು ಆವೃತ್ತಿಗಳನ್ನು ಕಂಡಿದ್ದೇನೆ. ಒಂದು ಕಾಲಕ್ಕೆ ವಾಕ್‌ಮನ್ ಇದ್ದ ಜಾಗಕ್ಕೆ ವಿಡಿಯೊ ಗೇಮ್ ಬಂತು, ಅದರ ಜಾಗಕ್ಕೆ ಮೊಬೈಲ್ ಬಂತು. ನಿಷಿದ್ಧ ವಸ್ತುಗಳು ಬದಲಾದರೂ ಹಾಳೆಯ ಸ್ವರೂಪ ಬದಲಾಗಿಲ್ಲ. ಏಕೆ ಕೂಡದು ಎಂಬುದಕ್ಕೆ ಅಲ್ಲಿ ಒಂದು ಸಾಲಿನ ವಿವರಣೆಯೂ ಇರುವುದಿಲ್ಲ. ದೊಡ್ಡವರಿಗೆ ಅನ್ವಯವಾಗುವ ಒಂದು ನಿಯಮವೂ ಇರುವುದಿಲ್ಲ.

ವಾಕ್‌ಮನ್ ವಿಷಯದಲ್ಲಿ ಇದು ದೊಡ್ಡ ಕೊರತೆಯಾಗಿರಲಿಲ್ಲ. ಏಕೆಂದರೆ ವಾಕ್‌ಮನ್ ಕೊಂಡು ತನ್ನಿ ಎಂದು ಯಾವ ಶಾಲೆಯೂ ಮಕ್ಕಳಿಗೆ ಹೇಳಿರಲಿಲ್ಲ. ಮೊಬೈಲ್ ಕಥೆ ಹಾಗಲ್ಲ. ಶಾಲೆಗಳಲ್ಲಿ ಮೊಬೈಲ್ ಬಳಕೆಯನ್ನು ನಿರ್ಬಂಧಿಸುವಂತೆ ಸಿಬಿಎಸ್‌ಇ 2009ರಲ್ಲೇ ಸುತ್ತೋಲೆ ಹೊರಡಿಸಿತ್ತು. ಮುಂದಿನ ಒಂದು ದಶಕ ನಾವೆಲ್ಲ ಅದೇ ಮಾತನ್ನು ಪ್ರಾರ್ಥನಾ ಸಭೆಯಲ್ಲಿ ಹೇಳುತ್ತ ಬಂದೆವು. 2020ರಲ್ಲಿ ಕೋವಿಡ್ ಬಂದು ಶಾಲೆಗಳು ಮುಚ್ಚಿದಾಗ ಅದೇ ಬಾಯಲ್ಲಿ, ಫೋನ್ ಇಲ್ಲದಿದ್ದರೆ ಪಾಠವಿಲ್ಲ ಎಂದೆವು. ಸಾಲ ಮಾಡಿ ಫೋನ್ ಕೊಂಡ ಪೋಷಕರನ್ನು ನಾನು ಬಲ್ಲೆ. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಸಿಗ್ನಲ್ ಸಿಗುವ ರಸ್ತೆ ಬದಿಯಲ್ಲಿ ಕುಳಿತು ಸುರಿಯುವ ಮಳೆಯಲ್ಲೇ ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತಿದ್ದ ಚಿತ್ರವನ್ನು ನಾಡೆಲ್ಲ ಕಂಡು ಮರುಗಿತು. ಆ ಕೊಡೆಯ ಕೆಳಗಿದ್ದ ಫೋನ್ ಆಗ ಶಿಸ್ತಿನ ಸಂಕೇತವಾಗಿತ್ತು. ಶಾಲೆಗಳು ಮತ್ತೆ ತೆರೆದ ಮರುದಿನವೇ ಅದು ಅಶಿಸ್ತಿನ ಸಂಕೇತವಾಗಿ ಹಳೆಯ ಹಾಳೆಗೆ ಮರಳಿತು. ಈ ನಡುವೆ ಏನಾಯಿತು ಎಂಬುದನ್ನು ಮಕ್ಕಳಿಗೆ ಯಾರೂ ಕೂರಿಸಿಕೊಂಡು ವಿವರಿಸಲಿಲ್ಲ.

ಪರಿಣಾಮವನ್ನು ಅಂಕಿಅಂಶಗಳು ಹೇಳುತ್ತವೆ. ಗ್ರಾಮೀಣ ಭಾರತವನ್ನು ಕುರಿತ 2024ರ ‘ಅಸರ್’ ವರದಿಯ ಪ್ರಕಾರ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ 80ಕ್ಕೂ ಹೆಚ್ಚು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಸಮೀಕ್ಷೆಯ ಹಿಂದಿನ ವಾರದಲ್ಲಿ ಅದನ್ನು ಕಲಿಕೆಗೆ ಸಂಬಂಧಿಸಿದ ಕೆಲಸಕ್ಕೆ ಬಳಸಿದವರು ಶೇ 57ರಷ್ಟು. ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76ರಷ್ಟು. ಇದು ಹಳ್ಳಿಗಳ ಲೆಕ್ಕ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂತಹ ನಗರಗಳ ಮಕ್ಕಳು ಇದಕ್ಕಿಂತ ಹಿಂದುಳಿದಿರುವರೆಂದು ಭಾವಿಸಲು ಕಾರಣವಿಲ್ಲ.

ನನ್ನ ನಿಲುವನ್ನು ಇಲ್ಲಿಯೇ ಸ್ಪಷ್ಟಪಡಿಸುವುದು ಒಳಿತು. ತರಗತಿಯ ಒಳಗೆ ವಿದ್ಯಾರ್ಥಿಯ ಕೈಯಲ್ಲಿ ಫೋನ್ ಇರಕೂಡದು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಬೀಜಗಣಿತದ ಒಂದು ಸಮೀಕರಣವನ್ನು ಮೊದಲ ಹೆಜ್ಜೆಯಿಂದ ಕೊನೆಯ ಹೆಜ್ಜೆಯವರೆಗೆ ಹಿಂಬಾಲಿಸಲು ಅವಿಚ್ಛಿನ್ನವಾದ ಗಮನ ಬೇಕು. ನಡುವೆ ಒಮ್ಮೆ ಜೇಬು ಕಂಪಿಸಿದರೆ ಆ ಸರಪಳಿ ತುಂಡಾಗುತ್ತದೆ. ಜಾಣ ವಿದ್ಯಾರ್ಥಿ ಅದನ್ನು ಹೇಗೋ ಮತ್ತೆ ಜೋಡಿಸಿಕೊಳ್ಳುತ್ತಾನೆ. ಕಷ್ಟಪಟ್ಟು ಹಿಂಬಾಲಿಸುತ್ತಿದ್ದವನು ಅಲ್ಲಿಯೇ ಉಳಿಯುತ್ತಾನೆ. ಇಂಗ್ಲೆಂಡಿನ ಶಾಲೆಗಳನ್ನು ಆಧರಿಸಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ 2015ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತು: ಫೋನ್ ನಿಷೇಧದಿಂದ ಹೆಚ್ಚು ಲಾಭವಾದದ್ದು ಕಲಿಕೆಯಲ್ಲಿ ಹಿಂದುಳಿದವರಿಗೆ, ಮುಂಚೂಣಿಯಲ್ಲಿದ್ದವರ ಅಂಕಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಾಗಲಿಲ್ಲ. ಅಂದರೆ ತರಗತಿಯಲ್ಲಿ ಫೋನ್ ಬೇಡವೆನ್ನುವುದು ಮೂಲತಃ ದುರ್ಬಲ ವಿದ್ಯಾರ್ಥಿಯ ಪರವಾದ ನಿಯಮ. ಈ ಒಂದು ಸಾಲನ್ನು ಸೂಚನಾ ಫಲಕದಲ್ಲಿ ಬರೆದರೆ ಅರ್ಥ ಮಾಡಿಕೊಳ್ಳದ ಹದಿನೈದರ ಹುಡುಗ ಹುಡುಗಿಯರು ಅಪರೂಪ.

ಆದರೆ ನಿಷೇಧಕ್ಕೆ ಅದರ ಶಕ್ತಿಗೆ ಮೀರಿದ ಕೆಲಸವನ್ನು ವಹಿಸಬಾರದು. ಫ್ರಾನ್ಸ್ 2018ರಲ್ಲಿ ಕಾನೂನನ್ನೇ ತಂದಿತು. ಬ್ರೆಜಿಲ್ 2025ರಲ್ಲಿ ಅದೇ ಹಾದಿ ಹಿಡಿಯಿತು. ಆದರೆ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸಂಶೋಧಕರು ಇಂಗ್ಲೆಂಡಿನ 30 ಪ್ರೌಢಶಾಲೆಗಳನ್ನು ಹೋಲಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಟ್ಟುನಿಟ್ಟಿನ ನಿಯಮವಿರುವ ಶಾಲೆಯ ಮಕ್ಕಳಿಗೂ ಸಡಿಲ ನಿಯಮವಿರುವ ಶಾಲೆಯ ಮಕ್ಕಳಿಗೂ ಮಾನಸಿಕ ಸ್ವಾಸ್ಥ್ಯದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಶಾಲೆಯಲ್ಲಿ ಕಳೆಯುವ ಏಳು ತಾಸನ್ನು ನಾವು ಕಾಪಾಡಬಹುದು. ಉಳಿದ ಹದಿನೇಳು ತಾಸು ಯಾರ ವಶದಲ್ಲಿದೆ ಎಂಬ ಪ್ರಶ್ನೆಗೆ ಗೇಟಿನ ಬಳಿಯ ತಪಾಸಣೆಯಲ್ಲಿ ಉತ್ತರವಿಲ್ಲ.

ತಪಾಸಣೆಯ ಮಾತು ಬಂದದ್ದರಿಂದ ಬೆಂಗಳೂರಿನದೇ ಒಂದು ಪ್ರಸಂಗವನ್ನು ನೆನೆಯಬೇಕು. 2022ರ ನವೆಂಬರ್‌ನಲ್ಲಿ ನಗರದ ಹಲವು ಶಾಲೆಗಳಲ್ಲಿ ಮೊಬೈಲ್ ಹುಡುಕಲೆಂದು ಮಕ್ಕಳ ಚೀಲಗಳನ್ನು ಹಠಾತ್ತನೆ ಶೋಧಿಸಲಾಯಿತು. ಕೆಲವು ಚೀಲಗಳಲ್ಲಿ ಸಿಗರೇಟು, ಲೈಟರ್, ಗರ್ಭನಿರೋಧಕಗಳು ಸಿಕ್ಕವೆಂಬ ಸುದ್ದಿ ರಾಷ್ಟ್ರಮಟ್ಟದಲ್ಲಿ ಸದ್ದು ಮಾಡಿತು. ಮನೆಮನೆಗಳಲ್ಲಿ ಚರ್ಚೆಯಾದದ್ದು ಮಕ್ಕಳು ಎಷ್ಟು ಕೆಟ್ಟಿದ್ದಾರೆ ಎಂಬುದು. ಸಹಪಾಠಿಗಳ ಎದುರು ಚೀಲ ಬರಿದು ಮಾಡಿಸಿಕೊಂಡು, ಒಳಗೆ ಪುಸ್ತಕ ಬಿಟ್ಟು ಬೇರೇನೂ ಇಲ್ಲದೆ ನಿಂತ ಮಗುವಿಗೆ ಹೇಗನ್ನಿಸಿರಬಹುದು ಎಂಬ ಪ್ರಶ್ನೆ ಅಷ್ಟಾಗಿ ಕೇಳಿಬರಲಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪಿತ್ತ ಪ್ರಕರಣದ ಅರ್ಜಿದಾರರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. ಎಂಟನೇ ತರಗತಿಯವರೆಗಿನ ಮಕ್ಕಳಿಗೆ ಅನ್ವಯಿಸುವ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ದಂಡನೆಯಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಒಂಬತ್ತನೇ ತರಗತಿಗೆ ಕಾಲಿಟ್ಟೊಡನೆ ಮಗುವಿನ ಘನತೆ ಕಡಿಮೆಯಾಗಿಬಿಡುತ್ತದೆಯೇ?

ವಶಪಡಿಸಿಕೊಳ್ಳುವ ಕ್ರಮದಲ್ಲೂ ಇದೇ ವಿವೇಚನೆ ಬೇಕು. ನಾನು ಬಲ್ಲ ಒಂದು ಶಾಲೆಯಲ್ಲಿ, ಒಂಬತ್ತನೇ ತರಗತಿಯ ಹುಡುಗನ ಚೀಲದಲ್ಲಿ ಸಿಕ್ಕ ಫೋನನ್ನು ವರ್ಷಾಂತ್ಯದವರೆಗೆ ಕೊಡುವುದಿಲ್ಲವೆಂದು ಬೀರುವಿನಲ್ಲಿಟ್ಟರು. ಮನೆಗೆಲಸಕ್ಕೆ ಹೋಗುವ ಅವನ ತಾಯಿ ಎರಡು ದಿನದ ಕೂಲಿ ಬಿಟ್ಟು ಬಂದು ಕಚೇರಿಯ ಮುಂದೆ ನಿಂತಾಗಲಷ್ಟೇ ತಿಳಿಯಿತು, ಆ ಮನೆಗಿದ್ದುದು ಅದೊಂದೇ ಫೋನ್ ಎಂದು. ಗ್ಯಾಸ್ ಸಿಲಿಂಡರ್ ಪಡೆಯಲು ಬೇಕಾದ ಒಟಿಪಿ ಅದಕ್ಕೇ ಬರಬೇಕು, ಬ್ಯಾಂಕಿನ ಸಂದೇಶವೂ ಅದಕ್ಕೇ. ಸಂಜೆ ತಂಗಿಯನ್ನು ಕರೆದುಕೊಂಡು ಮನೆ ಸೇರಿದೊಡನೆ ತಿಳಿಸಲಿ ಎಂದು ಆಕೆಯೇ ಅದನ್ನು ಮಗನ ಕೈಗೆ ಕೊಟ್ಟಿದ್ದಳು. ನಿಯಮ ಮುರಿದದ್ದು ಹುಡುಗ, ದಂಡ ತೆತ್ತದ್ದು ತಾಯಿ.

ಈ ಹಿನ್ನೆಲೆಯಲ್ಲಿ ದೆಹಲಿ ಹೈಕೋರ್ಟ್ 2025ರ ಫೆಬ್ರುವರಿ ಕೊನೆಯಲ್ಲಿ ನೀಡಿದ ಆದೇಶ ನಮ್ಮ ಶಾಲೆಗಳಿಗೂ ದಾರಿದೀಪವಾಗಬಲ್ಲದು. ಸಂಪೂರ್ಣ ನಿಷೇಧ ಅಪೇಕ್ಷಣೀಯವೂ ಅಲ್ಲ, ಕಾರ್ಯಸಾಧ್ಯವೂ ಅಲ್ಲ ಎಂದ ನ್ಯಾಯಾಲಯ, ಸಾಧ್ಯವಿರುವೆಡೆ ಬೆಳಿಗ್ಗೆ ಫೋನನ್ನು ಶಾಲೆಯ ಸುಪರ್ದಿಗೆ ಪಡೆದು ಸಂಜೆ ಹಿಂದಿರುಗಿಸಬೇಕು, ತರಗತಿಯಲ್ಲಿ ಬಳಕೆ ಇರಕೂಡದು, ಶಾಲಾ ಆವರಣದ ಸಾಮೂಹಿಕ ತಾಣಗಳಲ್ಲೂ ಶಾಲಾ ವಾಹನಗಳಲ್ಲೂ ಚಿತ್ರೀಕರಣ ಮಾಡುವಂತಿಲ್ಲ ಎಂದು ಹೇಳಿತು. ಅಂತರ್ಜಾಲದಲ್ಲಿ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಶಾಲೆಯೇ ಕಲಿಸಬೇಕು, ನಿಯಮಗಳನ್ನು ಪೋಷಕರು ಮತ್ತು ಶಿಕ್ಷಕರ ಜತೆ ಚರ್ಚಿಸಿ ರೂಪಿಸಬೇಕು, ಶಿಕ್ಷೆ ಅತಿಯಾಗಬಾರದು ಎಂದೂ ಸೂಚಿಸಿತು. ಇದಕ್ಕೆ ನನ್ನ ಅನುಭವದಿಂದ ಒಂದು ಸೇರ್ಪಡೆ: ಚರ್ಚೆಯಲ್ಲಿ ಮಕ್ಕಳೂ ಇರಬೇಕು.

ನಮ್ಮ ಶಾಲಾ ಸಂಸತ್ತಿನ ಸಭೆಯಲ್ಲಿ ಈ ವಿಷಯವನ್ನು ಇಟ್ಟಾಗ ಮಕ್ಕಳು ನಿಷೇಧವನ್ನು ರದ್ದು ಮಾಡಿ ಎಂದು ಕೇಳಲಿಲ್ಲ. ಹತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ಕೇಳಿದ ಪ್ರಶ್ನೆ ಬೇರೆಯೇ ಇತ್ತು: ‘ಸರ್, ಹಗಲು ಫೋನ್ ಮುಟ್ಟಬೇಡಿ ಅಂತೀರಿ. ರಾತ್ರಿ ಎಂಟಕ್ಕೆ ಹೋಂವರ್ಕ್ ವಾಟ್ಸ್‌ಆ್ಯಪ್ ಗುಂಪಿಗೆ ಹಾಕ್ತೀರಿ. ಅದನ್ನು ನೋಡೋಕೆ ಅಪ್ಪನ ಫೋನ್ ತಗೊಂಡರೆ ಬೈಸಿಕೊಳ್ಳೋದು ನಾವು. ನೋಡದಿದ್ದರೆ ಮಾರನೇ ದಿನ ನಿಲ್ಲಿಸೋದೂ ನಮ್ಮನ್ನೇ.’ ಇನ್ನೊಬ್ಬ ಹುಡುಗ, ಪಾಠದ ನಡುವೆ ಶಿಕ್ಷಕರು ಕರೆ ಸ್ವೀಕರಿಸಲು ಹೊರಹೋಗಬಹುದೇ ಎಂದ. ಸಭೆಯಲ್ಲಿದ್ದ ಶಿಕ್ಷಕರಲ್ಲಿ ಕೆಲವರ ಮುಖ ಗಂಟಿಕ್ಕಿತು. ಶಿಕ್ಷಕರ ಕಷ್ಟವೂ ಸುಳ್ಳಲ್ಲ. ಎಸ್‌ಎಟಿಎಸ್‌ಗೆ ತುಂಬಬೇಕಾದ ಮಾಹಿತಿ, ಬಿಸಿಯೂಟದ ಲೆಕ್ಕ, ಇಲಾಖೆಯ ತುರ್ತು ಸೂಚನೆ ಎಲ್ಲವೂ ಇಂದು ಫೋನಿನ ಮೂಲಕವೇ ಬರುತ್ತವೆ, ಹೋಗುತ್ತವೆ. ಆದರೂ ಅವನ್ನು ಸಿಬ್ಬಂದಿ ಕೊಠಡಿಯಲ್ಲಿ ಮುಗಿಸಿ ಬರಿಗೈಯಲ್ಲಿ ತರಗತಿಗೆ ಹೋಗಲು ಸಾಧ್ಯವಿದೆ ಎಂಬ ತೀರ್ಮಾನಕ್ಕೆ ಬಂದೆವು. ಮನೆಗೆಲಸವನ್ನು ಕೊನೆಯ ಗಂಟೆಗೆ ಮುನ್ನ ಕರಿಹಲಗೆಯ ಮೇಲೆ ಬರೆದು ದಿನಚರಿ ಪುಸ್ತಕಕ್ಕೆ ಇಳಿಸಿಕೊಳ್ಳುವ ಹಳೆಯ ಪದ್ಧತಿಗೆ ಮರಳಿದೆವು. ತರಲೇಬೇಕಾದವರ ಫೋನ್ ಇಡಲು ಹಾಜರಿ ಸಂಖ್ಯೆ ಬರೆದ ಖಾನೆಗಳ ಒಂದು ಮರದ ಪೆಟ್ಟಿಗೆ ಬಂತು. ಪವಾಡವೇನೂ ಸಂಭವಿಸಲಿಲ್ಲ, ಈಗಲೂ ಅಲ್ಲೊಂದು ಇಲ್ಲೊಂದು ಫೋನ್ ಸಿಕ್ಕಿಬೀಳುತ್ತದೆ. ಆದರೆ ಸಿಕ್ಕಿಬಿದ್ದವರು ವಾದಿಸುವುದಿಲ್ಲ. ನಿಯಮ ತಮ್ಮದೂ ಹೌದೆಂಬ ಭಾವನೆ ಅವರಿಗಿದೆ.

ಬರಿಯ ನಿಷೇಧದಲ್ಲಿ ಇನ್ನೊಂದು ಅಪಾಯವಿದೆ, ಅದು ಹೊರಗೆ ಕಾಣುವುದಿಲ್ಲ. ‘ಅಸರ್’ ವರದಿಯಲ್ಲಿಯೇ ಸ್ವಂತ ಸ್ಮಾರ್ಟ್‌ಫೋನ್ ಹೊಂದಿರುವ ಹುಡುಗಿಯರ ಪ್ರಮಾಣ ಹುಡುಗರಿಗಿಂತ ಕಡಿಮೆ. ಫೋನ್ ಎಂದರೆ ಹೆಣ್ಣುಮಕ್ಕಳಿಗೆ ಕದ್ದು ಮುಟ್ಟುವ ವಸ್ತು ಎಂಬ ಮನೋಭಾವ ಎಷ್ಟೋ ಮನೆಗಳಲ್ಲಿದೆ. ಅಂತಹ ಹುಡುಗಿಯ ಭಾವಚಿತ್ರವನ್ನು ಯಾರೋ ತಿರುಚಿ ಹರಿಬಿಟ್ಟರೆ, ಅಪರಿಚಿತನೊಬ್ಬ ಬೆದರಿಕೆಯ ಸಂದೇಶ ಕಳಿಸಿದರೆ ಆಕೆ ಯಾರ ಬಳಿ ಹೋಗಬೇಕು? ಫೋನ್ ಮುಟ್ಟಿದ್ದೇ ಅಪರಾಧವೆಂದು ಮನೆ, ಶಾಲೆ ಎರಡೂ ಸಾರಿರುವಾಗ, ನಡೆದದ್ದನ್ನು ಹೇಳುವುದೆಂದರೆ ಮೊದಲು ತನ್ನ ತಪ್ಪನ್ನು ಒಪ್ಪಿಕೊಂಡಂತೆ. ಹೀಗಾಗಿ ಆಕೆ ಸುಮ್ಮನಿರುತ್ತಾಳೆ. ಮಕ್ಕಳ ಸಹಾಯವಾಣಿ 1098 ಇದೆ, 2012ರ ಪೋಕ್ಸೊ ಕಾಯ್ದೆ ಇದೆ. ಆದರೆ ಇವೆಲ್ಲ ನೆರವಿಗೆ ಬರುವುದು ಮಗು ಬಾಯಿಬಿಟ್ಟ ಮೇಲೆ. ಮೊದಲ ಮಾತನ್ನು ಕೇಳಿಸಿಕೊಳ್ಳುವ ಒಬ್ಬ ಶಿಕ್ಷಕಿ ಪ್ರತಿ ಶಾಲೆಯಲ್ಲಿ ಇರಬೇಕು. ಆಕೆಯ ಬಳಿ ಹೇಳಿಕೊಂಡದ್ದಕ್ಕೆ ಶಿಕ್ಷೆಯಿಲ್ಲ ಎಂಬುದು ಸೂಚನಾ ಫಲಕದ ಹಾಳೆಯಲ್ಲಿಯೇ ದಪ್ಪಕ್ಷರದಲ್ಲಿರಬೇಕು.

ಪೋಷಕರಿಗೂ ಒಂದು ಮಾತು. ಊಟದ ತಟ್ಟೆಯ ಪಕ್ಕ ಫೋನ್ ಇಟ್ಟುಕೊಂಡು ಕೂರುವ ತಂದೆ, ಮಗನಿಗೆ ಮಾತ್ರ ಅದು ವಿಷ ಎಂದರೆ ಹುಡುಗ ನಂಬುವುದಿಲ್ಲ. ಪೋಷಕರ ಸಭೆಗೆ ಬಂದು, ‘ಸರ್, ನಮ್ಮ ಮಾತು ಕೇಳಲ್ಲ, ನೀವೇ ಹೇಳಿ’ ಎನ್ನುವವರಿಗೆ ನಾನು ಕೇಳುವುದು ಒಂದೇ: ರಾತ್ರಿ ಹತ್ತರ ಬಳಿಕ ಮನೆಯ ಫೋನುಗಳೆಲ್ಲ, ನಿಮ್ಮದೂ ಸೇರಿ, ಒಂದೇ ಕಡೆ ಇರುವಂತೆ ಮಾಡಬಲ್ಲಿರಾ? ಕೆಲವರು ತಲೆಯಾಡಿಸುತ್ತಾರೆ, ಹಲವರು ನಗುತ್ತಾರೆ.

ಹಾಗಾದರೆ ಆಗಬೇಕಾದ್ದೇನು? ಹೊಸ ಸುತ್ತೋಲೆಗೆ ಕಾಯಬೇಕಿಲ್ಲ. ನಿಯಮಗಳು ಕೆಲವೇ ಇರಲಿ, ಪ್ರತಿಯೊಂದರ ಮುಂದೆ ಅದರ ಕಾರಣವಿರಲಿ. ವಶಪಡಿಸಿಕೊಂಡ ಫೋನನ್ನು ಸಂಜೆಯೇ ಅಥವಾ ಮರುದಿನವೇ ಪೋಷಕರಿಗೆ ಒಪ್ಪಿಸುವ ವ್ಯವಸ್ಥೆ ಇರಲಿ. ಅದನ್ನು ತೆರೆದು ಒಳಗಿನ ಸಂದೇಶ ಓದುವ ಹಕ್ಕು ಶಾಲೆಗಿಲ್ಲ ಎಂಬುದು ಎಲ್ಲರಿಗೂ ತಿಳಿದಿರಲಿ. ಚೀಲ ಶೋಧಿಸಲೇಬೇಕಾದ ಸಂದರ್ಭದಲ್ಲಿ ಅದು ಮರೆಯಲ್ಲಿ, ಮಗುವಿನ ಎದುರಿನಲ್ಲಿ, ಇಬ್ಬರು ಶಿಕ್ಷಕರ ಸಮ್ಮುಖದಲ್ಲಿ ನಡೆಯಲಿ. ಹಾಳೆಯ ಕೊನೆಯಲ್ಲಿ ಶಿಕ್ಷಕರು ಮತ್ತು ಪೋಷಕರು ಪಾಲಿಸಬೇಕಾದ ನಿಯಮಗಳೂ ಇರಲಿ. ಎಸ್‌ಡಿಎಂಸಿ ಸಭೆಯಲ್ಲೋ ಆಡಳಿತ ಮಂಡಳಿಯಲ್ಲೋ ಒಂದು ಮಧ್ಯಾಹ್ನ ಕುಳಿತರೆ ಮುಗಿಯುವ ಕೆಲಸವಿದು. ಹದಿನೈದರ ಮಕ್ಕಳಿಗೆ ಕಟ್ಟುಪಾಡಿನ ಬಗ್ಗೆ ಇರುವ ಸಿಟ್ಟು ನಾವು ತಿಳಿದಷ್ಟು ದೊಡ್ಡದಲ್ಲ. ಅವರು ಸಿಟ್ಟಾಗುವುದು ಅದು ತಮಗೆ ಮಾತ್ರ ಎಂದು ಗೊತ್ತಾದಾಗ. ಮುಂದಿನ ಜೂನ್‌ನ ಹಾಳೆಯಲ್ಲಿ ಮುಖ್ಯೋಪಾಧ್ಯಾಯರ ಸಹಿಯ ಪಕ್ಕ ಶಾಲಾ ಸಂಸತ್ತಿನ ಪ್ರತಿನಿಧಿಯ ಸಹಿಯೂ ಇರಲಿ ಎಂಬುದು ನನ್ನ ಆಗ್ರಹ.