ಕಾರ್ಡು ಸಾಕೋ, ಕವರು ಬೇಕೋ?

ನಮ್ಮ ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಮದುವೆಯಾಗಿ ಹೋದ ಅತ್ತೆಯರಿಗೆ ಕಾಗದ ಬರೆಸಬೇಕಾದರೆ ಅಪ್ಪನನ್ನು ಕೂರಿಸಿಕೊಳ್ಳುತ್ತಿದ್ದರಂತೆ. ಮಳೆ ಬಂತು, ರಾಗಿ ಕುಯ್ಲಾಯ್ತು, ಹಬ್ಬಕ್ಕೆ ಬನ್ನಿ ಅನ್ನೋದಕ್ಕೆಲ್ಲ ಅಂಚೆ ಕಾರ್ಡು. ಸಾಲದ ವಿಷಯವೋ ಗಂಡನ ಮನೆಯ ವಿಷಯವೋ ಇದ್ದರೆ ಮಾತ್ರ "ಇದು ಕಾರ್ಡಲ್ಲಿ ಬೇಡ ಕಣೋ, ಕವರು ತಗೊಂಡು ಬಾ" ಅನ್ನುತ್ತಿದ್ದರಂತೆ. ಕಾರ್ಡನ್ನು ದಾರಿಯಲ್ಲಿ ಯಾರು ಬೇಕಾದರೂ ಓದಬಹುದು ಎಂದು ಅವರಿಗೆ ಗೊತ್ತಿತ್ತು. ಓದು ಕಲಿತ ನಾವು ಇಮೇಲ್ ಮಾಡುವಾಗ ಅಷ್ಟೂ ಯೋಚಿಸುವುದಿಲ್ಲ.

ನಾನೂ ಯೋಚಿಸಿರಲಿಲ್ಲ. ಅಕ್ಕ ಪಿ.ಯು.ಸಿ. ಸೇರಿದಾಗ ವಿದ್ಯಾರ್ಥಿವೇತನದ ಅರ್ಜಿ ಹಾಕಲು ಪೇಟೆಯ ಒಂದು ಕಂಪ್ಯೂಟರ್ ಅಂಗಡಿಗೆ ಹೋಗಿದ್ದೆವು. ಅಂಗಡಿಯವರೇ ಅವಳ ಹೆಸರಿನಲ್ಲಿ ಒಂದು ಇಮೇಲ್ ಖಾತೆ ತೆರೆದರು. ಪಾಸ್‌ವರ್ಡ್ ಅವರೇ ಹಾಕಿದರು. ಫೋನ್ ನಂಬರ್ ಕೇಳಿದ ಜಾಗದಲ್ಲೂ ತಮ್ಮದನ್ನೇ ಹಾಕಿದರು. ಅವರೇನು ಕೆಟ್ಟವರಲ್ಲ, ಸಾಲಿನಲ್ಲಿ ನಿಂತವರಿಗೆಲ್ಲ ಹಾಗೇ ಮಾಡುತ್ತಿದ್ದರು. ಆದರೆ ಅರ್ಜಿಯಲ್ಲಿ ಬ್ಯಾಂಕ್ ಖಾತೆಯ ಅಂಕಿ ತಪ್ಪಿದೆ, ತಿದ್ದಿ ಎಂದು ಬಂದ ಮೇಲ್ ನಮ್ಮ ಕಣ್ಣಿಗೇ ಬೀಳಲಿಲ್ಲ. ಗೊತ್ತಾದಾಗ ಕೊನೆಯ ತಾರೀಕಿಗೆ ಎರಡೇ ದಿನ ಉಳಿದಿತ್ತು. ಅಕ್ಕನ ಆಧಾರ್, ಪಾಸ್‌ಬುಕ್, ಜಾತಿ ಪ್ರಮಾಣಪತ್ರ ಎಲ್ಲದರ ನಕಲೂ ಆ ಖಾತೆಯಲ್ಲೇ ಇತ್ತು. ಪೆಟ್ಟಿಗೆ ನಮ್ಮದು, ಬೀಗದ ಕೈ ಬೇರೆಯವರ ಹತ್ತಿರ.

ಅಂದಿನಿಂದ ಅಕ್ಕನಿಗೆ ಒಂದೇ ಹಟ, "ಯಾರೂ ಓದಲಾಗದ ಇಮೇಲ್ ಬೇಕು" ಅಂತ. ಸೋದರಮಾವನನ್ನು ಕೇಳಿದ್ಲು. ಅವರು ಉತ್ತರ ಹೇಳದೆ ಅವಳನ್ನೇ ಕೇಳಿದರು: "ಯಾರಿಂದ ಮುಚ್ಚಿಡಬೇಕು? ಅಂಗಡಿಯವರಿಂದಲೋ, ಇಮೇಲ್ ಕಂಪನಿಯಿಂದಲೋ, ಸರ್ಕಾರದಿಂದಲೋ?" ಒಬ್ಬೊಬ್ಬರಿಗೆ ಒಂದೊಂದು ಬೀಗ ಅನ್ನೋದು ನನಗೆ ಆಗ ಹೊಳೆಯಿತು.

ಈಗ ದೊಡ್ಡ ಕಂಪನಿಗಳ ನಡುವೆ ಮೇಲ್ ಸಾಗುವಾಗ ಗೂಢಲಿಪಿಯಲ್ಲೇ ಸಾಗುತ್ತದೆ. ಹಾಗಾಗಿ ದಾರಿಯಲ್ಲಿ ಕದ್ದು ಓದುವುದು ಸುಲಭವಲ್ಲ. ಆದರೆ ಅಂಚೆ ಕಚೇರಿ ಸೇರಿದ ಮೇಲೆ ಅದು ತೆರೆದ ಕಾಗದವೇ, ಏಕೆಂದರೆ ಬಿಚ್ಚುವ ಕೀಲಿ ಕಂಪನಿಯ ಬಳಿಯೂ ಇರುತ್ತದೆ. 2004ರಲ್ಲಿ ಶುರುವಾದ ಜಿಮೇಲ್ ಬಹಳ ವರ್ಷ ನಮ್ಮ ಮೇಲ್‌ಗಳನ್ನು ಯಂತ್ರದಿಂದ ಓದಿಸಿ, ಅದಕ್ಕೆ ತಕ್ಕ ಜಾಹೀರಾತು ತೋರಿಸುತ್ತಿತ್ತು. ಹಾಗೆ ಮಾಡುವುದನ್ನು ನಿಲ್ಲಿಸುತ್ತೇವೆ ಎಂದು ಹೇಳಿದ್ದು 2017ರಲ್ಲಿ. ಅದೇ ವರ್ಷ ಆಗಸ್ಟ್ 24ರಂದು ನಮ್ಮ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟರು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬುದು ನಮಗೆ ಹೆಮ್ಮೆ.

ಕೀಲಿ ನಮ್ಮ ಕೈಯಲ್ಲೇ ಇರುವ ಇಮೇಲ್‌ಗಳೂ ಇವೆ. ಸ್ವಿಟ್ಜರ್ಲೆಂಡಿನ ಪ್ರೋಟಾನ್ ಮೇಲ್, ಜರ್ಮನಿಯ ಟ್ಯೂಟಾ ಅಂಥವು. ಇವುಗಳಲ್ಲಿ ಮೇಲಿನ ಒಳಗಿರುವುದನ್ನು ಕಂಪನಿಯವರೂ ಓದಲಾರರು. ಅಕ್ಕ ಇದನ್ನು ಕೇಳಿ ಕುಣಿದಾಡಿದಳು. ಆದರೆ ಮಾವ ಪೂರ್ತಿ ಕೇಳು ಅಂದರು.

ಪ್ರೋಟಾನ್‌ನಿಂದ ಜಿಮೇಲ್ ಇರುವವರಿಗೆ ಸಾಮಾನ್ಯವಾಗಿ ಮೇಲ್ ಮಾಡಿದರೆ ಆ ಕಡೆಯ ಪ್ರತಿ ತೆರೆದ ಕಾಗದವೇ. ನಾವು ಕವರಿನಲ್ಲಿ ಹಾಕಿದರೂ ಅವರು ಬಿಚ್ಚಿ ಮೇಜಿನ ಮೇಲೆ ಇಟ್ಟ ಹಾಗೆ. ಕವರಿನ ಮೇಲಿನ ವಿಳಾಸವೂ ಅಡಗುವುದಿಲ್ಲ: ಯಾರಿಂದ ಯಾರಿಗೆ, ಯಾವಾಗ ಅನ್ನೋದು ಕಾಣುತ್ತದೆ. ಪ್ರೋಟಾನ್‌ನಲ್ಲಿ ವಿಷಯದ ಸಾಲನ್ನೂ ಕಂಪನಿ ನೋಡಬಲ್ಲದು. ಇನ್ನು ಕಾನೂನು. 2021ರಲ್ಲಿ ಸ್ವಿಸ್ ಅಧಿಕಾರಿಗಳ ಆದೇಶಕ್ಕೆ ತಲೆಬಾಗಿ ಪ್ರೋಟಾನ್ ಒಬ್ಬ ಫ್ರೆಂಚ್ ಪರಿಸರ ಹೋರಾಟಗಾರರ ಐಪಿ ವಿಳಾಸವನ್ನು ಕೊಡಬೇಕಾಯಿತು. ಮೇಲ್‌ನ ಒಳಗಿನದನ್ನು ಕೊಡಲಿಲ್ಲ, ಕೊಡಲು ಅವರ ಬಳಿ ಕೀಲಿಯೇ ಇರಲಿಲ್ಲ. ನಮ್ಮಲ್ಲೂ 2025ರ ಏಪ್ರಿಲ್‌ನಲ್ಲಿ, ಅಸಭ್ಯ ಮೇಲ್‌ಗಳು ಬಂದ ಒಂದು ಪ್ರಕರಣದಲ್ಲಿ, ಪ್ರೋಟಾನ್ ಮೇಲನ್ನು ತಡೆಯಲು ಕ್ರಮ ಕೈಗೊಳ್ಳಿ ಎಂದು ಕರ್ನಾಟಕ ಹೈಕೋರ್ಟು ಕೇಂದ್ರ ಸರ್ಕಾರಕ್ಕೆ ಸೂಚಿಸಿತ್ತು. ವಿದ್ಯಾರ್ಥಿವೇತನದ ಮೇಲ್ ಕಾಯುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸಿದ್ದು ಬೇರೆ. ಕೀಲಿ ನಮ್ಮ ಕೈಯಲ್ಲೇ ಇದೆ ಅಂದರೆ ಕಳೆದರೆ ಕೊಡುವವರು ಯಾರೂ ಇಲ್ಲ. ಪ್ರೋಟಾನ್ ಪಾಸ್‌ವರ್ಡ್ ಮರೆತು, ಮೊದಲೇ ಬರೆದಿಟ್ಟುಕೊಳ್ಳಿ ಎಂದು ಅವರು ಕೊಡುವ ಮರುಪಡೆಯುವ ಪದಗಳೂ ಇಲ್ಲದಿದ್ದರೆ ಹಳೆಯ ಮೇಲ್‌ಗಳು ತೆರೆಯುವುದಿಲ್ಲ. ನಮ್ಮಕ್ಕನೋ ಬಸ್ ಪಾಸನ್ನೇ ವರ್ಷಕ್ಕೆ ಎರಡು ಸಲ ಕಳೆಯುವವಳು! ಮತ್ತೆ ಅವಳು ಮೇಲ್ ತೆರೆಯುವುದೇ ಅರ್ಜಿಯ ಕಾಲದಲ್ಲಿ. ಟ್ಯೂಟಾದ ಉಚಿತ ಖಾತೆಯನ್ನು ಆರು ತಿಂಗಳು ತೆರೆಯದಿದ್ದರೆ ಅಳಿಸುತ್ತಾರೆ. ಪ್ರೋಟಾನ್‌ಗೆ ಒಂದು ವರ್ಷ, ಜಿಮೇಲ್‌ಗೆ ಎರಡು ವರ್ಷದ ಗಡುವು ಇದೆ.

ಯೋಚಿಸಿದರೆ ಅಕ್ಕನ ತೊಂದರೆ ಕಂಪನಿಯಿಂದ ಬಂದದ್ದಲ್ಲ, ಅಂಗಡಿಯ ಪಾಸ್‌ವರ್ಡಿನಿಂದ ಬಂದದ್ದು. ಆದ್ದರಿಂದ ಜಿಮೇಲನ್ನೇ ಇಟ್ಟುಕೊಂಡೆವು. ಅಂಗಡಿಯವರನ್ನು ಕೇಳಿ ಪಾಸ್‌ವರ್ಡ್ ಪಡೆದು ಬದಲಿಸಿದೆವು. ಬೇರೆ ಯಂತ್ರಗಳಿಂದ ಹೊರಬರುವ ಗುಂಡಿ ಒತ್ತಿ, ಅವರ ನಂಬರ್ ತೆಗೆದು ಅಮ್ಮನದನ್ನು ಹಾಕಿದೆವು. ಅಮ್ಮನ ನಂಬರ್ ರೀಚಾರ್ಜ್ ತಪ್ಪಬಾರದು. ನಿಂತುಹೋದ ನಂಬರನ್ನು 90 ದಿನದ ನಂತರ ಬೇರೆಯವರಿಗೆ ಕೊಡಬಹುದು, ಆಗ ಒ.ಟಿ.ಪಿ. ಅವರಿಗೇ ಹೋಗುತ್ತದೆ. ಎರಡು ಹಂತದ ಬೀಗವನ್ನೂ ಹಾಕಿದೆವು. ಫೋನ್ ಕೈಯಲ್ಲಿಲ್ಲದಾಗ ಬಳಸಲು ಗೂಗಲ್ ಹತ್ತು ಸಂಖ್ಯೆಗಳನ್ನು ಕೊಡುತ್ತದೆ. ಅದನ್ನು ಕಾಗದದಲ್ಲಿ ಬರೆದು ಟ್ರಂಕಿನಲ್ಲಿ ಇಟ್ಟಿದ್ದೇವೆ.

ಊರಿನ ಒಳಗುಟ್ಟು ಬರೆಯುವ ಪತ್ರಕರ್ತರಿಗೋ, ಮನೆಯಲ್ಲಿ ಹಿಂಸೆ ಅನುಭವಿಸಿ ವಕೀಲರಿಗೆ ಬರೆಯುವ ಹೆಂಗಸಿಗೋ ಇದು ಸಾಲದು. ಅವರಿಗೆ ಕವರೇ ಬೇಕು, ಎರಡೂ ಕಡೆ.

ಬೇರೆ ತಂತ್ರಾಂಶಗಳದ್ದೂ ಇದೇ ಕಥೆ. ಟಾರ್ಚ್ ಆ್ಯಪ್‌ಗೆ ನಮ್ಮ ಫೋನಿನಲ್ಲಿರುವವರ ಹೆಸರು, ನಂಬರ್ ಯಾಕೆ ಬೇಕು? ನಾನು ತೆಗೆದುಹಾಕಿದೆ. ಪ್ರಬಂಧ ಟೈಪ್ ಮಾಡಲು ಲಿಬ್ರೆಆಫೀಸ್ ಸಾಕು, ಉಚಿತ, ಖಾತೆ ಕೇಳುವುದಿಲ್ಲ, ನೆಟ್ ಇಲ್ಲದೆಯೂ ನಡೆಯುತ್ತದೆ. ಸಿಗ್ನಲ್ ಆ್ಯಪ್ ನಮ್ಮ ಬಗ್ಗೆ ವಾಟ್ಸಾಪ್‌ಗಿಂತ ಬಹಳ ಕಡಿಮೆ ವಿವರ ಇಟ್ಟುಕೊಳ್ಳುತ್ತದೆ ಎಂದು ಅಪ್ಪನಿಗೆ ಹೇಳಿದೆ. "ಡೇರಿಯವರೆಲ್ಲ ಇರೋದು ವಾಟ್ಸಾಪಲ್ಲಿ, ನಾನೊಬ್ಬನೇ ಅಲ್ಲಿ ಹೋಗಿ ಯಾರ ಜೊತೆ ಮಾತಾಡ್ಲಿ?" ಅಂದರು. ಅದೂ ಸರಿಯೇ.

ಅಕ್ಕನ ಅರ್ಜಿ ಆ ಎರಡು ದಿನದಲ್ಲೇ ತಿದ್ದಿ ಹೋಯಿತು, ಹಣವೂ ಬಂತು. ಹೊಸ ಪಾಸ್‌ವರ್ಡ್ ಏನು ಎಂದು ನನಗೂ ಹೇಳಿಲ್ಲ.