ಅಮ್ಮನಿಗೂ ಒಂದು ಎಟಿವಿ

ಫ್ಯಾಮಿಲಿ ಟ್ರಿಪ್ ಅಂದರೆ ನಮ್ಮ ಮನೆಗಳಲ್ಲಿ ಬರೆಯದ ನಿಯಮವೊಂದಿದೆ. ಮಜಾ ಮಕ್ಕಳದ್ದು, ಬಿಲ್ ಅಪ್ಪನದ್ದು. ಬ್ಯಾಗು, ಚಪ್ಪಲಿ, ಮೊಬೈಲ್ ಕಾಯುವ ಕೆಲಸ ಅಮ್ಮನದ್ದು. ಸೆಮಿಸ್ಟರ್ ರಜೆಗೆ ಚಿಕ್ಕಮಗಳೂರಿಗೆ ಹೋಗಿ, ಕಾಫಿ ತೋಟದ ಮಣ್ಣುದಾರಿಯಲ್ಲಿ ಬಾಡಿಗೆ ಎಟಿವಿ ಓಡಿಸೋಣ ಎಂದಾಗಲೂ ಹಾಗೇ ಆಯಿತು. 'ನಮಗೆ ಎರಡು ಗಾಡಿ ಸಾಕು. ಅಮ್ಮ ನಿನ್ನ ಹಿಂದೆ ಕೂರಲಿ, ತಂಗಿ ನನ್ನ ಹಿಂದೆ' ಎಂದು ಅಪ್ಪ ಲೆಕ್ಕ ಮುಗಿಸಿಬಿಟ್ಟರು.

ಸ್ಕೂಟರಿನ ಈ ಲೆಕ್ಕ ಎಟಿವಿಗೆ ಹೊಂದುವುದಿಲ್ಲ. ನಾಲ್ಕು ಚಕ್ರವಿದೆ, ಬೀಳುವುದಿಲ್ಲ ಎಂಬ ಧೈರ್ಯವೇ ಇಲ್ಲಿ ಅಪಾಯ. ಅಗಲಕ್ಕೆ ಹೋಲಿಸಿದರೆ ಇದರ ಗುರುತ್ವ ಕೇಂದ್ರ ಎತ್ತರದಲ್ಲಿರುತ್ತದೆ. ತಿರುವಿನಲ್ಲಿ ಒಳಬದಿಗೆ, ಏರಿನಲ್ಲಿ ಮುಂದಕ್ಕೆ ಮೈ ವಾಲಿಸಿ ಸವಾರರೇ ತೂಕ ಸರಿದೂಗಿಸಬೇಕು. ಸೀಟು ಉದ್ದವಿರುವುದು ಇಬ್ಬರು ಕೂರಲೆಂದಲ್ಲ, ಒಬ್ಬರು ಸರಿದಾಡಲೆಂದು. ಹಿಂದೆ ಇನ್ನೊಬ್ಬರು ಕೂತರೆ ಏರಿನಲ್ಲಿ ಮುಂದಿನ ಚಕ್ರ ಮೇಲೇಳಬಹುದು. ಇಬ್ಬರಿಗೆಂದೇ ತಯಾರಾದ ಮಾದರಿಗಳು ಬೇರೆ ಇವೆ. ಬಾಜಾ ಸ್ಪರ್ಧೆಗೆ ನಮ್ಮಂಥ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಟ್ಟುವ ಗಾಡಿಗೆ ಸುತ್ತ ಉಕ್ಕಿನ ರೋಲ್ ಕೇಜ್, ಸೀಟ್ ಬೆಲ್ಟ್ ಇರಲೇಬೇಕು. ಬಾಡಿಗೆಯ ಸಾಮಾನ್ಯ ಎಟಿವಿಯಲ್ಲಿ ಅವೆರಡೂ ಇರುವುದಿಲ್ಲ. ತಲೆಗೆ ಹೆಲ್ಮೆಟ್ಟೇ ಗತಿ.

ತಂಗಿಗೆ ಹದಿಮೂರು. ಹದಿನಾರು ತುಂಬದವರು ದೊಡ್ಡವರ ಎಟಿವಿ ಓಡಿಸಬಾರದು ಎನ್ನುತ್ತದೆ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ. ಅಪಘಾತಗಳು ಹೆಚ್ಚಿ, ಅಲ್ಲಿ 1988ರಲ್ಲಿ ಮೂರು ಚಕ್ರದ ಎಟಿವಿಗಳ ಮಾರಾಟವನ್ನೇ ನಿಲ್ಲಿಸಲಾಯಿತು. ಹಾಗಾಗಿ ಮಕ್ಕಳ ಅಳತೆಯ ಗಾಡಿ ಇರುವ ಜಾಗ ಹುಡುಕುತ್ತಿದ್ದೇನೆ. ಸಿಗದಿದ್ದರೆ ಅವಳಿಗೆ ಜೀಪ್ ಸವಾರಿ.

ಇನ್ನು ಅಮ್ಮ. ಅವಳಿಗೆ ಸೈಕಲ್ ಕೂಡ ಬಾರದು. ಆದರೆ ಬಾಡಿಗೆಗೆ ಸಿಗುವ ಎಷ್ಟೋ ಎಟಿವಿಗಳಲ್ಲಿ ಕ್ಲಚ್ಚೂ ಇಲ್ಲ, ಗೇರ್ ಬದಲಿಸುವ ತಲೆನೋವೂ ಇಲ್ಲ. ಹೆಬ್ಬೆರಳಿನಿಂದ ಒತ್ತಿದರೆ ಮುಂದೆ, ಬಿಟ್ಟರೆ ನಿಧಾನ. ಸಮತಟ್ಟು ಮೈದಾನ, ವೇಗಕ್ಕೆ ಮಿತಿ ಹಾಕಿದ ಗಾಡಿ, ಪಕ್ಕದಲ್ಲಿ ಕಲಿಸುವವರೊಬ್ಬರು ಇದ್ದರೆ ಅಮ್ಮನೂ ಓಡಿಸಬಹುದು. ಹೇಳಿದಾಗ 'ನಂಗ್ಯಾಕೋ ಅದೆಲ್ಲ' ಅಂದಳು. ಸ್ವಲ್ಪ ಹೊತ್ತು ಬಿಟ್ಟು, 'ಚೂಡಿದಾರ್ ಆದ್ರೆ ನಡೆಯತ್ತಾ?' ಎಂದು ಕೇಳಿದಳು. ನಡೆಯುತ್ತದೆ, ದುಪಟ್ಟಾ ಮಾತ್ರ ಬೇಡ. ಕಾಲಿಗೆ ಶೂ ಬೇಕು.

ಗೆಳೆಯರೇ, ನೀವೂ ಹೊರಡುವುದಾದರೆ ಮುಂಗಡ ಕಳಿಸುವ ಮೊದಲು ಕೆಲವು ಪ್ರಶ್ನೆ ಕೇಳಿ. ಎಲ್ಲರ ಅಳತೆಗೂ ಹೆಲ್ಮೆಟ್ ಇದೆಯೇ? ಸವಾರರು ಬಿದ್ದರೆ ಎಂಜಿನ್ ನಿಲ್ಲಿಸುವ, ಕೈಗೆ ಕಟ್ಟುವ ದಾರ ಇದೆಯೇ? ಮೊದಲು ಮೈದಾನದಲ್ಲಿ ಅಭ್ಯಾಸ ಮಾಡಿಸುತ್ತಾರೆಯೇ? ದಾರಿ ತೋಟದ್ದೋ, ಕಾಡಿನದ್ದೋ? ಅನುಮತಿಯಿಲ್ಲದೆ ಕಾಡಿಗೆ ಗಾಡಿ ನುಗ್ಗಿಸುವಂತಿಲ್ಲ. ನಡುವೆ ಟಾರು ರಸ್ತೆ ಸಿಗುತ್ತದೆಯೇ? ಗಾಳಿ ಕಡಿಮೆ ಇರುವ ಈ ದಪ್ಪ ಟೈರುಗಳು ಮಣ್ಣಿಗೆಂದೇ ಇರುವಂಥವು. ಟಾರಿನ ಮೇಲೆ ಹಿಡಿತ ತಪ್ಪಿಸುತ್ತವೆ. ಮಳೆಗಾಲ ಬೇಡ, ಮಲೆನಾಡಿನ ಕೆಂಪು ಮಣ್ಣು ಆಗ ಬೆಣ್ಣೆಯಂತೆ ಜಾರುತ್ತದೆ. ಡಿಸೆಂಬರ್, ಜನವರಿ ಕಾಫಿ ಕೊಯ್ಲಿನ ಕಾಲ. ತಿರುವಿನಾಚೆ ಹಣ್ಣು ಕೊಯ್ಯುವವರು ಇರಬಹುದು. ಅಲ್ಲಿ ನಾವು ಅತಿಥಿಗಳು, ಅವರು ಕೆಲಸದಲ್ಲಿರುವವರು. ನಿಧಾನಿಸಬೇಕಾದವರು ನಾವೇ.

ಇದಕ್ಕೆಲ್ಲ 'ಏನೂ ಆಗಲ್ಲ ಬನ್ನಿ ಸಾರ್' ಎಂಬುದೊಂದೇ ಉತ್ತರವಾದರೆ ಆ ಜಾಗ ಬಿಟ್ಟು ಬೇರೆ ಹುಡುಕಿ. ಗುಡ್ಡವೇನೂ ಓಡಿಹೋಗುವುದಿಲ್ಲ.