ತೊಗರಿಯ ಹೊಲವೂ ಚಿತ್ರದ ಮಾರುಕಟ್ಟೆಯೂ

ಡಿಸೆಂಬರ್ ತಿಂಗಳ ಒಂದು ಮುಂಜಾನೆ ಆಳಂದ ತಾಲ್ಲೂಕಿನ ಭೂಸನೂರಿನ ಹೊಲದ ಹಾದಿಯಲ್ಲಿ ಕ್ಯಾಮರಾ ಹಿಡಿದು ನಿಂತವರು ಮೊದಲು ತೆಗೆಯುವುದು ಸೂರ್ಯೋದಯದ ಚಿತ್ರವನ್ನು. ಚಿತ್ರವೇನೋ ಸುಂದರವಾಗಿಯೇ ಬರುತ್ತದೆ. ಆದರೆ ಮಾರುಕಟ್ಟೆಯಲ್ಲಿ ಅದನ್ನು ಕೇಳುವವರು ಬಹಳ ಕಡಿಮೆ. ಬೆನ್ನ ಹಿಂದೆಯೇ, ಕುಡುಗೋಲು ಹಿಡಿದು ತೊಗರಿ ಕೊಯ್ಯುತ್ತಿರುವ ಹೆಣ್ಣುಮಗಳ ಕೈಗಳಿವೆ. ಬೆಲೆ ಬರುವುದು ಆ ಕೈಗಳಿಗೆ. ಇದು ಏಕೆಂದು ತಿಳಿದರೆ ಈ ವ್ಯಾಪಾರದ ಅರ್ಧ ಗುಟ್ಟು ತಿಳಿದಂತೆಯೇ.

ಪತ್ರಿಕೆಗೆ, ಪಠ್ಯಪುಸ್ತಕಕ್ಕೆ, ಬ್ಯಾಂಕಿನ ಕರಪತ್ರಕ್ಕೆ, ಬೇಳೆಯ ಪೊಟ್ಟಣಕ್ಕೆ ದಿನವೂ ಚಿತ್ರಗಳು ಬೇಕು. ಪ್ರತಿಸಲವೂ ಛಾಯಾಗ್ರಾಹಕನನ್ನು ಹಳ್ಳಿಗೆ ಕಳಿಸುವುದು ಆಗದ ಮಾತು. ಆದುದರಿಂದ ಮೊದಲೇ ತೆಗೆದಿರಿಸಿದ ಚಿತ್ರಗಳನ್ನು ಭಂಡಾರದಿಂದ ಕೊಳ್ಳುತ್ತಾರೆ. ಇವಕ್ಕೇ ‘ಸ್ಟಾಕ್’ ಚಿತ್ರಗಳೆಂದು ಹೆಸರು. 2003ರಲ್ಲಿ ನ್ಯೂಯಾರ್ಕಿನ ಜಾನ್ ಓರಿಂಜರ್ ಎಂಬಾತ ತಾನೇ ತೆಗೆದ 30,000 ಚಿತ್ರಗಳನ್ನು ಮುಂದಿಟ್ಟು ಶಟರ್‌ಸ್ಟಾಕ್ ಎಂಬ ಭಂಡಾರವನ್ನು ತೆರೆದ. ಅದರಲ್ಲಿ ಈಗ ಕೋಟಿಗಟ್ಟಲೆ ಚಿತ್ರಗಳಿವೆ. ಇಷ್ಟು ದೊಡ್ಡ ಸಂತೆಯಲ್ಲಿ ಸೂರ್ಯೋದಯಗಳಿಗೆ ಬರವೇ? ಸಾಲದುದಕ್ಕೆ 2022ರ ಡಿಸೆಂಬರಿನಿಂದ ಅಡೋಬಿ ಸ್ಟಾಕ್ ಎಂಬ ಇನ್ನೊಂದು ಭಂಡಾರವು ಯಂತ್ರವೇ ರಚಿಸಿದ ಚಿತ್ರಗಳನ್ನೂ ಸ್ವೀಕರಿಸತೊಡಗಿತು. ಯಂತ್ರವು ಕ್ಷಣದಲ್ಲಿ ಹತ್ತು ಸೂರ್ಯೋದಯಗಳನ್ನು ಬರೆದು ಕೊಟ್ಟೀತು. ಆದರೆ ಭೂಸನೂರಿನ ಕಣದಲ್ಲಿ ಈ ವರ್ಷ ನಡೆದ ರಾಶಿಗೆ ಅದು ಸಾಕ್ಷಿಯಾಗಲಾರದು.

ಆದಾಯದ ಮಾತನ್ನು ಮುಚ್ಚಿಡದೆ ಹೇಳಬೇಕು. 2020ರ ಜೂನಿನಲ್ಲಿ ಶಟರ್‌ಸ್ಟಾಕ್ ತಂದ ಪದ್ಧತಿಯಂತೆ ಛಾಯಾಗ್ರಾಹಕನ ಪಾಲು ನೂರಕ್ಕೆ 15ರಿಂದ 40. ಒಂದು ಚಿತ್ರ ಒಂದು ಸಲ ಮಾರಿದರೆ ಕೆಲವೊಮ್ಮೆ ಬರೀ 10 ಸೆಂಟ್, ಎಂದರೆ ಹತ್ತು ರೂಪಾಯಿಯ ಆಸುಪಾಸು. ಮದುವೆಯ ಫೋಟೋ ತೆಗೆದು ಬದುಕುವವರು ಇದನ್ನು ನಂಬಿ ಸ್ಟುಡಿಯೋದ ಬಾಗಿಲು ಹಾಕಬಾರದು. ಒಂದೇ ಚಿತ್ರ ವರ್ಷಗಟ್ಟಲೆ ಹಲವು ಸಲ ಮಾರಾಟವಾಗಬಹುದೆಂಬುದೊಂದೇ ಇಲ್ಲಿನ ಆಸೆ.

ಹಾಗಾದರೆ ಏನನ್ನು ತೆಗೆಯಬೇಕು? ಕಲಬುರಗಿ ಜಿಲ್ಲೆ ತೊಗರಿಯ ಕಣಜವೆಂದು ಹೆಸರಾದದ್ದು. 2019ರಲ್ಲಿ ಗುಲ್ಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಮುಂಗಾರಿನ ಬಿತ್ತನೆ, ದೀಪಾವಳಿಯ ಹೊತ್ತಿನ ಹಳದಿ ಹೂವು, ಕಾಯಿ ಕೊರೆಯುವ ಹುಳು, ಕೊಯ್ಲು, ರಾಶಿ, ಚೀಲ, ಬೇಳೆ, ಕೊನೆಗೆ ಒಲೆಯ ಮೇಲೆ ಕುದಿಯುವ ಸಾರು: ಇವೆಲ್ಲವನ್ನೂ ಒಬ್ಬನೇ ಒಂದೇ ಊರಿನಲ್ಲಿ ತೆಗೆದಿದ್ದರೆ ಕೃಷಿಯ ಪುಸ್ತಕ ಮಾಡುವವರು ಅವನನ್ನು ಹುಡುಕಿಕೊಂಡು ಬಂದಾರು. ಹುಳುವಿನ ಚಿತ್ರವನ್ನು ಯಾರೂ ಚೆಂದವೆನ್ನಲಾರರು. ಮಾರುವುದು ಮಾತ್ರ ಅದೇ ಹೆಚ್ಚು ಎಂದು ನನ್ನ ಅಂದಾಜು. ಭೂಸನೂರಿನಲ್ಲಿ ಸಕ್ಕರೆ ಕಾರ್ಖಾನೆಯೂ ಇರುವುದರಿಂದ ಕಬ್ಬಿನ ಗಾಡಿಗಳ ಸಾಲಿಗೂ ಕೊರತೆಯಿಲ್ಲ.

ಎರೆ ನೆಲದಲ್ಲಿ ಬೆಳಕಿನದೊಂದು ಮೋಸವಿದೆ. ಕ್ಯಾಮರಾದೊಳಗಿನ ಮಾಪಕವು ತನ್ನೆದುರಿಗೆ ಇರುವುದೆಲ್ಲ ನಡುಬೂದಿ ಬಣ್ಣವೆಂದು ನಂಬುತ್ತದೆ. ಕಪ್ಪು ಮಣ್ಣು ಚೌಕಟ್ಟಿನ ತುಂಬ ಇದ್ದರೆ ಅದನ್ನು ಬೂದಿ ಮಾಡಲು ಬೆಳಕನ್ನು ಅತಿಯಾಗಿ ಬಿಡುತ್ತದೆ. ಆಗ ಮಣ್ಣು ಕಳೆಗುಂದಿ, ರೈತನ ಬಿಳಿಯ ರುಮಾಲಿನ ಮಡಿಕೆಗಳು ಅಳಿಸಿಹೋಗುತ್ತವೆ. ಮಾಪಕ ಹೇಳಿದ್ದಕ್ಕಿಂತ ಒಂದು ಹಂತದಷ್ಟು ಬೆಳಕನ್ನು ಕಡಿಮೆ ಮಾಡಿದರೆ ಮಣ್ಣು ಮಣ್ಣಾಗಿಯೂ ರುಮಾಲು ರುಮಾಲಾಗಿಯೂ ಉಳಿಯುತ್ತವೆ. ಬೆಳಗಿನ ಒಂಬತ್ತರೊಳಗೆ ಕೆಲಸ ಮುಗಿಸುವುದು ಲೇಸು. ಚೌಕಟ್ಟಿನ ಒಂದು ಪಕ್ಕದಲ್ಲಿ ಬರಿಯ ಆಕಾಶವನ್ನು ಬಿಡಿ. ಕೊಂಡವರಿಗೆ ಅಕ್ಷರ ಅಚ್ಚು ಹಾಕಲು ಜಾಗ ಬೇಕಲ್ಲವೆ? ಜಾಹೀರಾತಿಗೆ ಸಲ್ಲಬೇಕಾದರೆ ಟ್ರ್ಯಾಕ್ಟರಿನ ಹೆಸರು, ಗೊಬ್ಬರದ ಚೀಲದ ಮುದ್ರೆ ಕಾಣಿಸಕೂಡದು.

ಚಿತ್ರ ಎಷ್ಟೇ ಚೆನ್ನಾಗಿದ್ದರೂ ಹೆಸರಿಲ್ಲದಿದ್ದರೆ ಅದು ಭಂಡಾರದ ಕತ್ತಲೆಯಲ್ಲೇ ಉಳಿಯುತ್ತದೆ. ‘ಹಳದಿ ಹೂವಿನ ಹೊಲ’ ಎಂದು ಬರೆದರೆ ಅದು ಲಕ್ಷಾಂತರ ಹಳದಿ ಹೂಗಳ ನಡುವೆ ಕಳೆದುಹೋಗುತ್ತದೆ. ಕೊಳ್ಳುವವರು ಹುಡುಕುವುದು ಪಿಜನ್ ಪೀ, ರೆಡ್ ಗ್ರಾಮ್, ತೂರ್, ಅರ್ಹರ್ ಎಂಬ ಮಾತುಗಳಿಂದ. ವಿಜ್ಞಾನದವರು ಕಜಾನಸ್ ಕಜಾನ್ ಎಂಬುದರಿಂದ. ಇವನ್ನೆಲ್ಲ ಇಂಗ್ಲಿಷಿನಲ್ಲಿ ಬರೆದು, ಊರು, ತಾಲ್ಲೂಕು, ತಿಂಗಳು, ವರ್ಷಗಳನ್ನೂ ಸೇರಿಸಬೇಕು.

ಇನ್ನು ಎಲ್ಲಕ್ಕಿಂತ ಭಾರವಾದ ವಿಷಯ, ಮನುಷ್ಯರ ಮುಖ. ಜಾಹೀರಾತಿಗೆ ಮಾರುವ ಚಿತ್ರದಲ್ಲಿ ಗುರುತು ಹತ್ತುವ ಮುಖವಿದ್ದರೆ ಆ ವ್ಯಕ್ತಿಯ ಸಹಿಯುಳ್ಳ ಒಪ್ಪಿಗೆಪತ್ರ ಬೇಕೇ ಬೇಕು. ಮಕ್ಕಳಾದರೆ ತಂದೆ ಅಥವಾ ತಾಯಿಯ ಸಹಿ. ಪತ್ರ ಇಂಗ್ಲಿಷಿನಲ್ಲಿರುತ್ತದೆ. ಓದಿ ಹೇಳದೆ ಸಹಿ ಹಾಕಿಸಿಕೊಳ್ಳುವುದು ಸುಲಭ. ಅದು ವಂಚನೆಯೇ ಸರಿ. 2007ರಲ್ಲಿ ಅಮೆರಿಕದ ಬಾಲಿಕೆಯೊಬ್ಬಳ ಚಿತ್ರ, ಅವಳಿಗಾಗಲಿ ಮನೆಯವರಿಗಾಗಲಿ ತಿಳಿಯದಂತೆ, ಆಸ್ಟ್ರೇಲಿಯದ ಮೊಬೈಲ್ ಕಂಪನಿಯೊಂದರ ಜಾಹೀರಾತಾಗಿ ಬಸ್ ನಿಲ್ದಾಣದಲ್ಲಿ ನಿಂತಿತು, ಅದೂ ಹಾಸ್ಯದ ಮಾತಿನೊಡನೆ. ಮನೆಯವರು ಟೆಕ್ಸಸ್‌ನಲ್ಲಿ ದಾವೆ ಹೂಡಿದರು. ಕಂಪನಿ ತನ್ನ ಅಧಿಕಾರವ್ಯಾಪ್ತಿಗೆ ಬಾರದೆಂದು ನ್ಯಾಯಾಲಯ ಅದನ್ನು ತಳ್ಳಿಹಾಕಿತು. ನಮ್ಮ ರೈತನ ಮುಖವೂ ನಾಳೆ ಕೀಟನಾಶಕದ ಡಬ್ಬಿಯ ಮೇಲೆಯೋ ಸಾಲಬಾಧೆಯ ಲೇಖನದ ಪಕ್ಕದಲ್ಲಿಯೋ ಕಾಣಿಸಬಹುದು. ಚಿತ್ರದ ಕೆಳಗೆ ಬರುವ ಮಾತು ತೆಗೆದವನ ಕೈಯಲ್ಲಿಲ್ಲ. ಆದುದರಿಂದ ಆ ಕಡೆಯ ಮಾತಿನಲ್ಲಿಯೇ ಕೇಳಿಬಿಡಬೇಕು: “ಕಾಕಾ, ಈ ಫೋಟೋ ನಾ ಮಾರ್ತೀನ್ರಿ. ಪೇಪರಿನ್ಯಾಗ ಬರಬಹುದು, ಎಣ್ಣಿ ಹೊಡಿಯೋ ಔಷಧದ ಜಾಹೀರಾತಿನ್ಯಾಗೂ ಬರಬಹುದು. ನಡೀತದೇನ್ರಿ?” ಬೇಡವೆಂದರೆ ಬೇಡ. ಕೈಗಳು, ಕುಡುಗೋಲು, ಕಾಳು ಸಾಕಷ್ಟಿವೆ.

ಸ್ಟುಡಿಯೋದವರು ನೆನಪಿಡಬೇಕಾದುದು ಇನ್ನೊಂದು. ಹಣ ಕೊಟ್ಟು ತೆಗೆಸಿದ ಮದುವೆಯ ಚಿತ್ರದ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, 1957ರ ಕೃತಿಸ್ವಾಮ್ಯ ಕಾಯಿದೆಯಂತೆ ತೆಗೆಸಿದವರದು. ಮದುಮಗಳ ಮೆಹಂದಿಯ ಕೈ ಎಷ್ಟೇ ಚೆಲುವಾಗಿದ್ದರೂ ಕೇಳದೆ ಮಾರುವಂತಿಲ್ಲ.

ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಚರಗ ಚೆಲ್ಲಿ, ಕಡುಬು ಭಜ್ಜಿಯ ಬುತ್ತಿ ಬಿಚ್ಚಿ ಮನೆಮಂದಿಯೆಲ್ಲ ಕೂತು ಉಣ್ಣುವ ನೋಟ ಭಂಡಾರಗಳಲ್ಲಿ ಅಪರೂಪವೇ ಇರಬೇಕು. ಅದನ್ನು ಹಬ್ಬ ಮುಗಿದ ಮೇಲೆ ಕಳಿಸಿದರೆ ಕೊಳ್ಳುವವರು ಮುಂದಿನ ವರ್ಷಕ್ಕೆ ಸಿಕ್ಕಾರು; ಪತ್ರಿಕೆಯವರು ಹಬ್ಬದ ಚಿತ್ರವನ್ನು ವಾರಗಳ ಮೊದಲೇ ಆರಿಸುತ್ತಾರೆ. ಅಷ್ಟರಲ್ಲಿ ಒಂದು ಪ್ರತಿಯನ್ನು ಅಚ್ಚು ಹಾಕಿಸಿ ಆ ಮನೆಗೆ ಕೊಟ್ಟು ಬನ್ನಿ. ರಾಶಿಯ ದಿನ ಅವರೇ ಹೇಳಿಕಳಿಸುತ್ತಾರೆ.